ಮೆರುಗಿನ ಬೆಲೆ

ಹೊಸ ಕಾರು ಕೊಳ್ಳುವವರಿಗೆ ಈಚೆಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ವಾಹನದ ಬೆಲೆ, ರಸ್ತೆಯ ತೆರಿಗೆ, ವಿಮೆ ಇವುಗಳ ಲೆಕ್ಕವೆಲ್ಲ ಮುಗಿದು, ಬ್ಯಾಂಕಿನ ಸಾಲದ ಕಾಗದಗಳಿಗೆ ರುಜು ಬಿದ್ದ ಮೇಲೆ, ಮಾರಾಟದವರು ಇನ್ನೊಂದು ಹಾಳೆಯನ್ನು ಮುಂದಿಡುತ್ತಾರೆ. ಕಾರಿನ ಬಣ್ಣದ ಮೇಲೆ ಹಚ್ಚುವ ಒಂದು ರಕ್ಷಾಲೇಪದ ಹೆಸರು ಅದರಲ್ಲಿರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಅದನ್ನು ಟೆಫ್ಲಾನ್ ಎನ್ನುತ್ತಿದ್ದರು. ಈಗ ಸೆರಾಮಿಕ್ ಎನ್ನುತ್ತಾರೆ. ಪೇಂಟ್ ಸೀಲೆಂಟ್, ಗ್ಲಾಸ್ ಕೋಟ್ ಎಂದು ನಾಮಾವಳಿ ಇನ್ನೂ ಉಂಟು. ಹೆಸರು ಯಾವುದಾದರೂ ಬೆಲೆ ಮಾತ್ರ ಸಾವಿರಗಳಲ್ಲಿ. ಕೊಂಡರೆ ಬಣ್ಣ ಬಾಳುತ್ತದೆ ಎಂಬುದು ಆ ಹಾಳೆಯ ವಾಚ್ಯಾರ್ಥ. ಕೊಳ್ಳದಿದ್ದರೆ ಹಾಳಾಗುತ್ತದೆ ಎಂಬುದು ಅದರ ಧ್ವನಿ. ಧ್ವನಿಯ ವಿಚಾರ ಪಾಠ ಹೇಳಿ ಹೊಟ್ಟೆ ಹೊರೆಯುವವನಾದ್ದರಿಂದ ಅಷ್ಟು ಮಾತ್ರ ನನಗೂ ತಿಳಿಯಿತು.

ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೆ ಒಂದು ಮದ್ದು ಯಾವ ಕಾಯಿಲೆಗಾಗಿ ಹುಟ್ಟಿತೆಂಬುದನ್ನು ತಿಳಿದುಕೊಂಡರೆ, ಆ ಕಾಯಿಲೆ ನಮಗೆ ಉಂಟೋ ಇಲ್ಲವೋ ಎಂದು ನೋಡಿಕೊಳ್ಳುವುದು ಸುಲಭ. ಆದುದರಿಂದ ಈ ಲೇಪದ ಪೂರ್ವಕಥೆಯನ್ನು ಸ್ವಲ್ಪ ಕೆದಕಿದೆ. ನಾನೆಣಿಸಿದ್ದಕ್ಕಿಂತ ಅದು ಉದ್ದವಾದ ಕಥೆ.

ಮೋಟಾರು ಬಂಡಿ ಹುಟ್ಟಿದಾಗ ಅದಕ್ಕೆ ತನ್ನದೇ ಆದ ಬಣ್ಣವಿರಲಿಲ್ಲ. ಯುರೋಪು ಅಮೆರಿಕಗಳಲ್ಲಿ ಕುದುರೆ ಸಾರೋಟುಗಳನ್ನು ಕಟ್ಟುತ್ತಿದ್ದ ಕುಶಲಿಗಳೇ ಮೊದಲ ಕಾರುಗಳ ಮೈಯನ್ನೂ ಕಟ್ಟಿ, ಸಾರೋಟಿಗೆ ಬಳಿಯುತ್ತಿದ್ದುದನ್ನೇ ಅದಕ್ಕೂ ಬಳಿದರು. ಸೀಸದ ಬಿಳಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದ ತಳಬಣ್ಣ, ಅದು ಒಣಗಿದ ಮೇಲೆ ಉಜ್ಜಿ ನುಣುಪು ಮಾಡುವುದು, ಮತ್ತೊಂದು ಪದರ, ಮತ್ತೆ ಉಜ್ಜುವುದು, ಆಮೇಲೆ ನಿಜವಾದ ಬಣ್ಣ, ಕಟ್ಟಕಡೆಗೆ ಮರದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮಾಡಿದ ಮೆರುಗೆಣ್ಣೆ. ಕುಂಚದಿಂದ ಬಳಿದ ಒಂದೊಂದು ಪದರವೂ ಒಣಗಲು ದಿನಗಟ್ಟಲೆ ಬೇಕು. ಒಂದು ಗಾಡಿಗೆ ಬಣ್ಣ ಮುಗಿಯಬೇಕಾದರೆ ವಾರಗಳೇ ಹಿಡಿಯುತ್ತಿದ್ದುವು. ಇಷ್ಟು ಪಾಡುಪಟ್ಟು ತಂದ ಹೊಳಪು ಬಲು ಸುಕುಮಾರವಾದುದು. ಬಿಸಿಲಿಗೆ ಬಿರುಕು ಬಿಡುತ್ತಿತ್ತು, ಕೆಸರು ಒಣಗಿದರೆ ಕಲೆ ನಿಲ್ಲುತ್ತಿತ್ತು. ಕುದುರೆ ಲಾಯದಿಂದೇಳುವ ಅಮೋನಿಯಾದ ಘಾಟು ಕೂಡ ಮೆರುಗೆಣ್ಣೆಗೆ ಆಗದೆಂದು ಸಾರೋಟಿನ ಕೊಟ್ಟಿಗೆಯನ್ನು ಲಾಯದಿಂದ ಬೇರೆಯಾಗಿಡಬೇಕೆಂಬ ಬುದ್ಧಿವಾದವಿತ್ತು. ಎಳೆಯುವ ಕುದುರೆಯ ಉಸಿರು ಎಳೆಸಿಕೊಳ್ಳುವ ಗಾಡಿಗೆ ಸೋಂಕಬಾರದು! ಅಂಥ ಕಾಲದಲ್ಲಿ ಬಣ್ಣವನ್ನು ಕಾಯುವುದೆಂದರೆ ಶೋಕಿಯ ಮಾತಲ್ಲ, ನಿಜವಾದ ಅಗತ್ಯ.

ಹೆನ್ರಿ ಫೋರ್ಡನಿಗೆ ಇಷ್ಟು ಸಾವಧಾನವಿರಲಿಲ್ಲ. ೧೯೦೮ರಲ್ಲಿ ಹೊರಬಂದ ಅವನ ಮಾಡೆಲ್ ಟಿ ಕಾರನ್ನು ೧೯೧೪ರಿಂದ ೧೯೨೫ರವರೆಗೆ ಕಪ್ಪು ಬಣ್ಣವೊಂದರಲ್ಲೇ ಮಾರಿದನೆಂಬುದು ಲೋಕವಿಖ್ಯಾತ. ಆ ಕಪ್ಪು ಕಲ್ಲರಗಿನಂಥ ಡಾಂಬರು ಜಾತಿಯ ಪದಾರ್ಥದಿಂದ ಮಾಡಿ ಕುಲುಮೆಯಲ್ಲಿ ಬೇಯಿಸಿದ ಬಣ್ಣ. ಜಪಾನಿನ ಮರದ ಹಾಲಿನಿಂದ ಮಾಡುವ ಕರಿಮೆರುಗನ್ನು ಅನುಕರಿಸಲು ಯುರೋಪಿನವರು ಹಿಂದಿನಿಂದಲೂ ಪಡುತ್ತಿದ್ದ ಪ್ರಯತ್ನದ ಫಲವಾದ್ದರಿಂದ ಅದಕ್ಕೆ ‘ಜಪಾನ್’ ಎಂದೇ ಹೆಸರು. ಅದು ಅಗ್ಗ, ಗಟ್ಟಿ, ಒಲೆಯಲ್ಲಿ ಬೇಗ ಒಣಗುವಂಥದು. ಸೊಗಸು ಎನ್ನುವಂತಿರಲಿಲ್ಲ, ಅಷ್ಟೆ.

ಸೊಗಸನ್ನು ತಂದುಕೊಟ್ಟದ್ದು, ವಿಚಿತ್ರವೆಂದರೆ, ಮದ್ದಿನ ಮನೆ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಹೊಗೆಯಿಲ್ಲದ ಸಿಡಿಮದ್ದನ್ನು ಅಪಾರವಾಗಿ ತಯಾರಿಸಿತ್ತು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಪಡೆಯುವ ನೈಟ್ರೋಸೆಲ್ಯುಲೋಸ್ ಅದಕ್ಕೆ ಮೂಲದ್ರವ್ಯ. ಯುದ್ಧ ಮುಗಿದ ಮೇಲೆ ಅದೇ ದ್ರವ್ಯವನ್ನು ಬಣ್ಣಕ್ಕೆ ತಿರುಗಿಸಿ, ಜನರಲ್ ಮೋಟರ್ಸಿನೊಡನೆ ಸೇರಿ ‘ಡೂಕೊ’ ಎಂಬ ಬಣ್ಣವನ್ನು ಸಿದ್ಧಪಡಿಸಿದರು. ೧೯೨೪ರ ಮಾದರಿಯ ಓಕ್‌ಲೆಂಡ್ ಕಾರುಗಳು ಅದನ್ನು ಹೊತ್ತು ‘ನಿಜ ನೀಲಿ’ ಎಂಬ ಹೆಸರಿನಲ್ಲಿ ಬೀದಿಗಿಳಿದುವು. ಕುಂಚ ಹೋಗಿ ತುಂತುರು ಬಂದೂಕು ಬಂತು. ಒಣಗಲು ದಿನಗಳು ಬೇಕಾಗಿದ್ದ ಕಡೆ ಗಂಟೆಗಳು ಸಾಕಾದುವು. ಫೋರ್ಡನೂ ತನ್ನ ಕಪ್ಪನ್ನು ಬಿಟ್ಟುಕೊಟ್ಟ. ೧೯೨೭ರಲ್ಲಿ ಮಾಡೆಲ್ ಟಿಯನ್ನೇ ನಿಲ್ಲಿಸಬೇಕಾಯಿತು.

ಈ ಬಣ್ಣದ ಜಾತಿಗೆ ಇಂಗ್ಲಿಷಿನವರು ‘ಲ್ಯಾಕರ್’ ಎನ್ನುತ್ತಾರೆ. ಭಾಷೆಯ ಮೇಷ್ಟರಿಗೆ ಇಲ್ಲೊಂದು ಗಳಿಗೆ ನಿಲ್ಲದೆ ಮುಂದೆ ಹೋಗಲಾಗದು. ಆ ಪದದ ಬೇರು ನಮ್ಮ ‘ಲಾಕ್ಷಾ’, ಎಂದರೆ ಅರಗು. ಪ್ರಾಕೃತ, ಪಾರಸಿ, ಅರಬ್ಬಿ, ಲ್ಯಾಟಿನ್‌ಗಳ ಸಂತೆಗಳನ್ನೆಲ್ಲ ಸುತ್ತಿ ಅದು ಇಂಗ್ಲೆಂಡನ್ನು ಸೇರಿತು. ಮರದ ಕೊಂಬೆಯ ಮೇಲೆ ಸಣ್ಣ ಹುಳುಗಳು ಸುರಿಸುವ ಈ ಅರಗನ್ನು ತಿರುಗುವ ಮರದ ಮೇಲೆ ಒತ್ತಿ, ಆ ಉಜ್ಜಿನ ಬಿಸಿಗೇ ಕರಗಿಸಿ, ಚನ್ನಪಟ್ಟಣದ ಗೊಂಬೆಗಾರರು ಇಂದಿಗೂ ಬಣ್ಣ ಹತ್ತಿಸುತ್ತಾರೆ. ಕೊನೆಗೆ ಒಂದು ಗರಿಯಿಂದ ತೀಡಿದರೆ ಮುಗಿಯಿತು, ಅದರ ಮೇಲೆ ಇನ್ನೊಂದು ಲೇಪ ಬೇಡ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಹುಟ್ಟಿತು. ೧೯೬೨ರ ಮಹಾಚುನಾವಣೆಯಿಂದ ನಮ್ಮ ಬೆರಳಿಗೆ ಬೀಳುತ್ತಿರುವ ಅಳಿಸಲಾಗದ ಶಾಯಿ ಅದೇ ಕಾರ್ಖಾನೆಯದು. ಇಷ್ಟಾಗಿ, ಡೂಕೊದಂಥ ಲ್ಯಾಕರಿನಲ್ಲಿ ಅರಗಿರಲೇಬೇಕೆಂದಿಲ್ಲ. ಹೆಸರು ಮಾತ್ರ ಅರಗು, ಒಳಗಿದ್ದದ್ದು ಸಿಡಿಮದ್ದಿನ ಹತ್ತಿ. ಪಾಂಡವರ ಅರಗಿನ ಮನೆಯನ್ನು ನೆನೆದರೆ ಹೊತ್ತಿಕೊಳ್ಳುವ ಗುಣದಲ್ಲಾದರೂ ಹೆಸರು ಸಾರ್ಥಕವೆನ್ನಬಹುದು.

ಈ ಹೊಸ ಬಣ್ಣಕ್ಕೆ ಒಂದು ರೋಗವಿತ್ತು. ಬಣ್ಣವೆಂದರೆ ಎರಡು ಭಾಗ: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಹಿಡಿದಿಡುವ ಅಂಟು. ಬಿಸಿಲು ಮೊದಲು ತಿನ್ನುವುದು ಅಂಟನ್ನು. ಅಂಟು ಸತ್ತ ಕಡೆ ಪುಡಿ ಅನಾಥವಾಗಿ, ಸುಣ್ಣದ ಗೋಡೆಯ ಹಾಗೆ ಕೈಗೆ ಮೆತ್ತುತ್ತದೆ. ಆಗ ಮಾಡಬಹುದಾದ ಕೆಲಸ ಎರಡೇ. ಸತ್ತ ಪದರವನ್ನು ಉಜ್ಜಿ ತೆಗೆದು ಒಳಗಿನ ಜೀವಂತ ಬಣ್ಣವನ್ನು ಹೊರಗೆ ತರುವುದು ಒಂದು. ಮತ್ತೆ ನೀರು ಗಾಳಿ ತಾಕದಂತೆ ಮೇಲೆ ಮೇಣ ಬಳಿಯುವುದು ಇನ್ನೊಂದು. ೧೯೧೦ರಲ್ಲಿ ಶಿಕಾಗೋದಲ್ಲಿ ಆರಂಭವಾದ ಸೈಮೊನೈಜ್ ಕಂಪನಿ ಈ ಎರಡು ಕೆಲಸಕ್ಕೂ ಡಬ್ಬಿಗಳನ್ನು ಮಾರಿ ಎಷ್ಟು ಹೆಸರಾಯಿತೆಂದರೆ, ಅದರ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ನಿಘಂಟು ಸೇರಿತು.

ಡಬ್ಬಿಯೊಳಗಿನ ಮೇಣ ಬರುತ್ತಿದ್ದುದು ಬ್ರೆಜಿಲಿನ ಈಶಾನ್ಯ ಸೀಮೆಯಿಂದ. ಸಿಯಾರಾ, ಪಿಯಾವಿ ಮೊದಲಾದ ಪ್ರಾಂತಗಳಲ್ಲಿ ಕಾರ್ನೌಬಾ ಎಂಬ ತಾಳೆಯ ಜಾತಿಯ ಮರ ಬೆಳೆಯುತ್ತದೆ. ಬೇಸಗೆಯ ಬರದಲ್ಲಿ ತನ್ನ ನೀರು ಆವಿಯಾಗಿ ಹೋಗದಿರಲೆಂದು ಆ ಮರ ಗರಿಗಳ ಮೇಲೆ ಮೇಣವನ್ನು ತೊಟ್ಟುಕೊಳ್ಳುತ್ತದೆ. ಗರಿಗಳನ್ನು ಕಡಿದು ಬಿಸಿಲಿಗೆ ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಜೇನುಮೇಣ ೬೨ರಿಂದ ೬೪ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿದರೆ ಇದು ಕರಗಲು ೮೨ರ ಮೇಲೆ ಬೇಕು. ಬಿಸಿಲಲ್ಲಿ ನಿಂತ ಕಾರಿನ ತಗಡಿಗೆ ಇಂಥದೇ ಸರಿ. ಈ ಮೇಣಕ್ಕೆ ಬೇಡಿಕೆ ಎಷ್ಟಿತ್ತೆಂದರೆ, ಅಮೆರಿಕದ ಜಾನ್ಸನ್ ಮೇಣದ ಕಂಪನಿಯ ಒಡೆಯನಾಗಿದ್ದ ಹರ್ಬರ್ಟ್ ಜಾನ್ಸನ್ ೧೯೩೫ರಲ್ಲಿ ನೀರಿನ ಮೇಲೂ ಇಳಿಯಬಲ್ಲ ಪುಟ್ಟ ವಿಮಾನವೊಂದನ್ನು ಏರಿ, ಅದಕ್ಕೆ ‘ಕಾರ್ನೌಬಾ’ ಎಂದೇ ಹೆಸರಿಟ್ಟು, ವಿಸ್ಕಾನ್ಸಿನ್‌ನಿಂದ ಬ್ರೆಜಿಲಿನವರೆಗೆ ಆ ಮರಗಳನ್ನು ಹುಡುಕಿಕೊಂಡು ಹೋದ. ಮರ ತನ್ನ ಗರಿಗಾಗಿ ಮಾಡಿಕೊಂಡ ಕವಚ ಹೀಗೆ ಕಾರುಗಳ ಮೈಗೆ ಬಂತು. ಎರಡನೆಯ ಮಹಾಯುದ್ಧದ ನಂತರ ಮೇಣದ ಜೊತೆಗೆ ಸಿಲಿಕೋನ್ ಸೇರಿ ಉಜ್ಜುವ ಶ್ರಮ ಸ್ವಲ್ಪ ಕಡಿಮೆಯಾಯಿತು.

ನಮ್ಮ ದೇಶದಲ್ಲಿ ಈ ಯುಗ ಬಹಳ ಕಾಲ ಬಾಳಿತು. ನನ್ನ ದೊಡ್ಡಪ್ಪನವರ ಹತ್ತಿರ ಕಡುನೀಲಿಯ ಒಂದು ಫಿಯಟ್ ಇತ್ತು. ಭಾನುವಾರದ ಬೆಳಗ್ಗೆ ಪಾಲಿಷ್ ಡಬ್ಬಿಯನ್ನೂ ಹಳೆಯ ಪಂಚೆಯ ತುಂಡನ್ನೂ ಕೈಗೆ ಕೊಟ್ಟು ನಮ್ಮನ್ನು ಸಾಲಾಗಿ ಕೂರಿಸುತ್ತಿದ್ದರು. ಉಜ್ಜಿದಂತೆ ಬಿಳಿಯ ಬಟ್ಟೆ ನೀಲಿಯಾಗುತ್ತಿತ್ತು. ಕಾರಿನ ಕೊಳೆ ಹೋಗುತ್ತಿದೆಯೆಂದು ನಾವು ಹುಡುಗರು ಹಿಗ್ಗುತ್ತಿದ್ದೆವು; ಹೋಗುತ್ತಿದ್ದುದು ಕಾರಿನ ಬಣ್ಣವೇ. ಕೆಲವು ವರ್ಷಗಳಲ್ಲಿ ಬಾನೆಟ್ಟಿನ ಅಂಚಿನಲ್ಲಿ ಕೆಮ್ಮಣ್ಣಿನಂಥ ತಳಬಣ್ಣ ಇಣುಕಿತು. ಆದರೂ ದೊಡ್ಡಪ್ಪ ಮಾಡುತ್ತಿದ್ದುದು ಸರಿಯೇ. ಉಜ್ಜದೆ ಬಿಟ್ಟ ನೆರೆಮನೆಯ ಅಂಬಾಸಡರ್ ಅಷ್ಟು ಹೊತ್ತಿಗೆ ಬೂದಿ ಬಳಿದುಕೊಂಡ ಬೈರಾಗಿಯಂತಾಗಿತ್ತು.

ಮುಂದೆ ರೋಗವೇ ಬದಲಾಯಿತು. ೧೯೭೦ರ ದಶಕದಲ್ಲಿ ಯುರೋಪಿನಲ್ಲಿಯೂ ೮೦ರ ದಶಕದಲ್ಲಿ ಅಮೆರಿಕದಲ್ಲಿಯೂ ಹೊಸದೊಂದು ಪದ್ಧತಿ ಹರಡಿತು. ಬಣ್ಣದ ಪದರ ಬೇರೆ, ಅದನ್ನು ಕಾಯುವ ಪದರ ಬೇರೆ. ಕೆಳಗೆ ತೆಳ್ಳನೆಯ ಬಣ್ಣ. ಅದರ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ತಿಳಿಯಾದ, ಗಟ್ಟಿಯಾಗಿ ಬೇಯಿಸಿದ ಇನ್ನೊಂದು ಪದರ. ಇದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಸೂರ್ಯನ ಅತಿನೇರಳೆ ಕಿರಣಗಳನ್ನು ನುಂಗುವ ದ್ರವ್ಯಗಳನ್ನು ಕಾರ್ಖಾನೆಯಲ್ಲಿಯೇ ಅದರೊಳಗೆ ಬೆರೆಸಿರುತ್ತಾರೆ. ಅದರ ದಪ್ಪ ಸುಮಾರು ೪೦-೫೦ ಮೈಕ್ರಾನ್, ಎಂದರೆ ಒಂದು ತಲೆಗೂದಲಿಗಿಂತ ತುಸು ಕಡಿಮೆ. ಇನ್ನು ತುಕ್ಕಿನ ಮಾತು. ಕಾರಿನ ಮೈಯನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತು ಹಾಯಿಸಿ, ಸಂದುಗೊಂದುಗಳಿಗೂ ತಳಬಣ್ಣ ಹತ್ತಿಸುವ ವಿಧಾನ ೧೯೬೦ರ ದಶಕದಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಮೊದಲಾಗಿ ಈಗ ಎಲ್ಲೆಡೆ ಬಂದಿದೆ.

ಹೊಸ ಪದ್ಧತಿಗೂ ಬಾಲಾರಿಷ್ಟಗಳು ತಪ್ಪಲಿಲ್ಲ. ೮೦ರ ದಶಕದ ಕೊನೆಯ ಮತ್ತು ೯೦ರ ದಶಕದ ಆರಂಭದ ಕೆಲವು ಅಮೆರಿಕನ್ ಕಾರುಗಳ ಬಣ್ಣ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದು ಬಂತು. ಆ ದೋಷ ಇದ್ದದ್ದು ಕೆಳಗಿನ ಪದರಗಳ ಹಿಡಿತದಲ್ಲಿ. ಮೇಲಿನಿಂದ ಎಷ್ಟು ಮೇಣ ಬಳಿದರೂ ಅದು ವಾಸಿಯಾಗುವಂತಿರಲಿಲ್ಲ.

ಈಗ ವಿಷಯದ ಗಂಟು ಬಿಚ್ಚಿಕೊಳ್ಳುತ್ತದೆಂದು ನನಗನಿಸುತ್ತದೆ. ದೊಡ್ಡಪ್ಪನ ಪಾಲಿಷ್ ಡಬ್ಬಿ ಮಾಡುತ್ತಿದ್ದ ಮುಖ್ಯ ಕೆಲಸವನ್ನು, ಎಂದರೆ ಬಣ್ಣಕ್ಕೂ ಬಿಸಿಲಿಗೂ ನಡುವೆ ಒಂದು ತೆರೆ ಹಿಡಿಯುವ ಕೆಲಸವನ್ನು, ಇಂದಿನ ಕಾರು ಹುಟ್ಟುವಾಗಲೇ ಕಲಿತು ಬಂದಿರುತ್ತದೆ. ಆ ತೆರೆಯ ಬೆಲೆಯನ್ನು ಕಾರಿನ ಬೆಲೆಯೊಳಗೆ ನಾವು ಒಮ್ಮೆ ಕೊಟ್ಟಾಗಿದೆ. ಕಾಯಿಲೆ ಹೋಯಿತು, ಮದ್ದಿನ ಅಂಗಡಿ ಮಾತ್ರ ಮುಚ್ಚಲಿಲ್ಲ. ಹಳೆಯ ಭಯವನ್ನು ಹೊಸ ಹೆಸರಿನಲ್ಲಿ ಮಾರುವುದು ವ್ಯಾಪಾರದ ಸಹಜ ಧರ್ಮ. ಅಮೆರಿಕದಲ್ಲಿ ಇದು ಎಷ್ಟು ಮನೆಮಾತಾಗಿತ್ತೆಂದರೆ, ೧೯೯೬ರ ‘ಫಾರ್ಗೋ’ ಎಂಬ ಚಲನಚಿತ್ರದಲ್ಲಿ ಇದಕ್ಕಾಗಿಯೇ ಒಂದು ದೃಶ್ಯವಿದೆ. ಬೇಡವೆಂದು ಮೊದಲೇ ಹೇಳಿದ್ದ ಗಿರಾಕಿಯ ಕಾರಿಗೆ ಲೇಪ ಹಚ್ಚಿಸಿ ಹಣ ಕೇಳುವ ಮಾರಾಟದವನು, ಕಾರ್ಖಾನೆಯಲ್ಲಿಯೇ ಹಚ್ಚಿಬಿಡುತ್ತಾರೆ ಎಂದು ಸಬೂಬು ಹೇಳಿ, ಯಜಮಾನನನ್ನು ಕೇಳಿ ಬರುವವನಂತೆ ಒಳಗೆ ಹೋಗಿ, ಸುಮ್ಮನೆ ಹರಟೆ ಹೊಡೆದು ಬಂದು, ನೂರು ಡಾಲರು ಬಿಡುತ್ತೇವೆ ಎನ್ನುತ್ತಾನೆ. ನೋಡಿ ನಕ್ಕವರಲ್ಲಿ ಎಷ್ಟು ಜನ ಅಂಥ ಹಣ ಕೊಟ್ಟವರಿದ್ದರೋ!

ನಮ್ಮ ಟೆಫ್ಲಾನ್ ಯುಗದ ಮಾತನ್ನಂತೂ ಬೇಗ ಮುಗಿಸಬಹುದು. ಟೆಫ್ಲಾನ್ ೧೯೩೮ರಲ್ಲಿ ಕಂಡುಹಿಡಿದ ಪದಾರ್ಥ. ದೋಸೆಯ ಕಾವಲಿಗೆ ಅದು ಹಿಡಿಯುವುದು ನಿಜ. ಆದರೆ ಅದು ಕರಗಿ ಪದರವಾಗಲು ೩೨೭ ಡಿಗ್ರಿಯ ಶಾಖ ಬೇಕು. ಕಾರಿನ ಬಣ್ಣವನ್ನು ಕಾರ್ಖಾನೆಯಲ್ಲಿ ಬೇಯಿಸುವುದೇ ಸುಮಾರು ೧೪೦ ಡಿಗ್ರಿಯಲ್ಲಿ. ಸರ್ವಿಸ್ ಸ್ಟೇಷನ್ನಿನ ನೆರಳಿನಲ್ಲಿ ಬಟ್ಟೆಯಿಂದ ಸವರಿದ ಟೆಫ್ಲಾನ್ ಕಾವಲಿಯ ಮೇಲಿನಂತೆ ಹೇಗೆ ಕೂತೀತು?

ಸೆರಾಮಿಕ್ಕನ್ನು ಇಷ್ಟು ಹಗುರವಾಗಿ ತಳ್ಳಿಹಾಕಲು ಬಾರದು. ಒಳ್ಳೆಯ ಲೇಪಗಳಲ್ಲಿ ಗಾಳಿಯ ತೇವದೊಡನೆ ಕೂಡಿ ಸಿಲಿಕಾದಂಥ ಗಟ್ಟಿ ಪದರವಾಗುವ ದ್ರವ್ಯ ನಿಜವಾಗಿ ಇರುತ್ತದೆ. ಮೇಣ ಕೆಲವು ವಾರ ನಿಂತರೆ ಇದು ವರ್ಷಗಟ್ಟಲೆ ನಿಲ್ಲಬಲ್ಲದು. ನೀರು ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ಜಾರುತ್ತದೆ, ಧೂಳು ಸಲೀಸಾಗಿ ತೊಳೆದುಹೋಗುತ್ತದೆ, ಬಣ್ಣದ ಆಳ ಹೆಚ್ಚಿದಂತೆ ಕಾಣುತ್ತದೆ. ಆದರೆ ಇದರ ದಪ್ಪ ಒಂದೆರಡು ಮೈಕ್ರಾನ್. ಲಾರಿಯ ಚಕ್ರದಿಂದ ಸಿಡಿದ ಕಲ್ಲನ್ನು ಅದು ತಡೆಯಲಾರದು. ‘೯ಎಚ್ ಗಡಸು’ ಎಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಹಾಕಿರುತ್ತಾರೆ. ವಜ್ರಕ್ಕೆ ಹತ್ತು, ಇದಕ್ಕೆ ಒಂಬತ್ತು ಎಂದು ನಾವು ತಿಳಿಯಲಿ ಎಂಬುದು ಇಲ್ಲಿಯೂ ಧ್ವನಿಯೇ. ವಾಸ್ತವವಾಗಿ ಅದು ಪೆನ್ಸಿಲಿನ ಲೆಕ್ಕ. ಚಿತ್ರ ಬರೆಯುವವರ ಎಚ್‌ಬಿ, ೨ಎಚ್ ಪೆನ್ಸಿಲುಗಳಿವೆಯಲ್ಲ, ಆ ಸಾಲಿನ ಗಟ್ಟಿಯಾದ ಕೊನೆಯ ಪೆನ್ಸಿಲನ್ನು ಓರೆಯಾಗಿ ಹಿಡಿದು, ನಿಗದಿಯಾದ ಭಾರದಿಂದ ಒತ್ತಿ ಎಳೆದರೆ ಗೀರು ಬೀಳಲಿಲ್ಲ ಎಂದಷ್ಟೇ ಅರ್ಥ. ಪೆನ್ಸಿಲಿನ ಕಡ್ಡಿ ಗ್ರಾಫೈಟೂ ಜೇಡಿಯೂ ಸೇರಿದ್ದು. ನಮ್ಮ ಬೀದಿಯ ಧೂಳಿನಲ್ಲಿರುವುದು ಮರಳು, ಪೆನ್ಸಿಲಲ್ಲ.

ಬೆಂಗಳೂರಿನಂಥ ಊರಿನಲ್ಲಿ ಇನ್ನೊಂದು ತೊಡಕು ಕೊಳವೆಬಾವಿಯ ಗಡಸು ನೀರು. ನೀರು ಮಣಿಗಟ್ಟಿ ಜಾರಿಹೋದರೆ ಚೆನ್ನ; ಜಾರದೆ ಬಿಸಿಲಿಗೆ ಅಲ್ಲೇ ಒಣಗಿದರೆ ಒಂದೊಂದು ಮಣಿಯೂ ಒಂದೊಂದು ಸುಣ್ಣದ ಚುಕ್ಕೆಯಾಗುತ್ತದೆ. ಲೇಪವಿದ್ದ ಕಾರಿನಲ್ಲಿ ಈ ಚುಕ್ಕೆಗಳು ಹೆಚ್ಚು ಎದ್ದು ಕಾಣುವುದೂ ಉಂಟು. ಹಕ್ಕಿಯ ಹಿಕ್ಕೆಯನ್ನು ಎರಡು ದಿನ ಬಿಸಿಲಲ್ಲಿ ಬಿಟ್ಟರೆ ಲೇಪವನ್ನು ದಾಟಿಯೂ ಗುರುತು ಕೂರಬಹುದು.

ನಾವು ಕಳೆದ ವರ್ಷ ಸಾಲ ಮಾಡಿ ಒಂದು ಚಿಕ್ಕ ಬಿಳಿಯ ಕಾರು ಕೊಂಡೆವು. ಹಾಳೆ ನಮ್ಮ ಮುಂದೆಯೂ ಬಂತು: ೨೪,೦೦೦ ರೂಪಾಯಿ, ಐದು ವರ್ಷದ ಭರವಸೆ. “ಎಲ್ಲರೂ ಮಾಡಿಸ್ತಾರೆ ಸಾರ್, ತಿಂಗಳ ಕಂತಿಗೇ ಸೇರಿಸಿಬಿಡ್ತೀವಿ, ನಿಮಗೆ ಗೊತ್ತೂ ಆಗಲ್ಲ” ಎಂದ ಹುಡುಗ. ಗೊತ್ತಾಗದಂತೆ ಹೋಗುವ ಹಣವೇ ಗೃಹಸ್ಥನಿಗೆ ಹೆಚ್ಚು ಅಪಾಯದ್ದು. ನನ್ನಾಕೆ ಮೆಲ್ಲಗೆ, “ಅಲ್ಲ ರೀ, ಬಣ್ಣ ಹಚ್ಚೇ ತಾನೆ ಕಾರು ಕೊಡೋದು? ಆ ಬಣ್ಣ ತನ್ನನ್ನ ತಾನೇ ಕಾಯ್ಕೊಳ್ಳದಿದ್ರೆ ಅದಕ್ಯಾಕೆ ಇಷ್ಟು ದುಡ್ಡು?” ಎಂದಳು. ಹುಡುಗನಲ್ಲಿ ಉತ್ತರವಿರಲಿಲ್ಲ. ಭರವಸೆಯ ಪತ್ರವನ್ನು ಕೇಳಿ ಓದಿದೆ. ಆರು ತಿಂಗಳಿಗೊಮ್ಮೆ ಅವರಲ್ಲಿಗೇ ಬಂದು, ಹಣ ತೆತ್ತು, ಲೇಪವನ್ನು ಪರೀಕ್ಷೆ ಮಾಡಿಸಬೇಕು. ಒಂದು ಸಲ ತಪ್ಪಿದರೂ ಭರವಸೆ ರದ್ದು. ಗೀರು, ಕಲ್ಲೇಟು, ಹಕ್ಕಿಯ ಹಿಕ್ಕೆ, ನೀರಿನ ಕಲೆ ಇವು ಯಾವುವೂ ಅದರೊಳಗೆ ಬರುವುದಿಲ್ಲ. ಕಾರಿನ ಬಣ್ಣಕ್ಕೆ ಬರುವ ಕಷ್ಟಗಳು ಇವೇ ಅಲ್ಲವೆ?

ನಾವು ಬೇಡವೆಂದೆವು. ಹಾಗೆಂದು ಎಲ್ಲರಿಗೂ ಬೇಡವೆನ್ನಲಾರೆ. ಕಪ್ಪು ಅಥವಾ ಕಡುಗೆಂಪು ಕಾರಿಟ್ಟುಕೊಂಡು, ಅದರ ಹೊಳಪಿನಲ್ಲಿ ಮುಖ ನೋಡಿಕೊಳ್ಳುವ ಸಂತೋಷ ಬೇಕೆನ್ನುವವರಿಗೆ, ಅದನ್ನು ಹತ್ತು ವರ್ಷ ಮಾರದೆ ಇಟ್ಟುಕೊಳ್ಳುವವರಿಗೆ, ತೊಳೆಯಲು ಹೊತ್ತಿಲ್ಲದವರಿಗೆ ಅದು ಸಲ್ಲಬಹುದು. ಆದರೆ ಅವರು ಕೊಳ್ಳಬೇಕಾದದ್ದು ಶೀಷೆಯನ್ನಲ್ಲ, ಕೈಕೆಲಸವನ್ನು. ಲೇಪ ಹಚ್ಚುವ ಮೊದಲು ಬಣ್ಣವನ್ನು ತೊಳೆದು, ಅಂಟಿದ ಕಣಗಳನ್ನು ತೆಗೆದು, ಸಣ್ಣ ಗೀರುಗಳನ್ನು ಪಾಲಿಷಿನಿಂದ ತೀಡಲು ಪಳಗಿದ ಕೈಗೆ ಒಂದೆರಡು ದಿನ ಬೇಕು. ಕಣ್ಣಿಗೆ ಕಾಣುವ ಹೊಳಪಿನ ಹೆಚ್ಚುಪಾಲು ಈ ಕೆಲಸದಿಂದ ಬಂದದ್ದು. ಸಂಜೆ ನಾಲ್ಕಕ್ಕೆ ಹಣ ಕಟ್ಟಿ ಮರುದಿನ ಹತ್ತಕ್ಕೆ ಕಾರು ಒಯ್ಯುವ ಕಡೆ ಅದನ್ನು ಮಾಡಿರುತ್ತಾರೆಂದು ನಂಬುವುದು ಕಷ್ಟ.

ನಾನು ಕೊಂಡದ್ದು ೯೦೦ ರೂಪಾಯಿಯ ಒಂದು ಶೀಷೆ ಸಿಂಥೆಟಿಕ್ ಸೀಲೆಂಟ್. ನಾಲ್ಕು ತಿಂಗಳಿಗೊಮ್ಮೆ, ಕಾರು ತೊಳೆದು ಒಣಗಿದ ಮೇಲೆ, ನೆರಳಿನಲ್ಲಿ ನಿಲ್ಲಿಸಿ ಬಟ್ಟೆಯಿಂದ ಸವರುತ್ತೇವೆ. ಮುಕ್ಕಾಲು ಗಂಟೆಯ ಕೆಲಸ. ಉಳಿದ ದಿನ ಒಣಬಟ್ಟೆಯಿಂದ ಧೂಳು ಒರೆಸುವುದನ್ನು ನಿಲ್ಲಿಸಿದ್ದೇವೆ, ಏಕೆಂದರೆ ಗೀರು ಬೀಳುವುದು ಹೆಚ್ಚಾಗಿ ಅದರಿಂದಲೇ. ಮೊದಲು ನೀರು ಹಾಯಿಸಿ ಧೂಳಿಳಿಸಿ, ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಇಟ್ಟುಕೊಂಡು ತೊಳೆಯುತ್ತೇವೆ. ನಮ್ಮ ಬೀದಿಯ ಹೊಂಗೆಮರ ಚೈತ್ರದಲ್ಲಿ ಹೂವನ್ನೂ ಅಂಟನ್ನೂ ಒಟ್ಟಿಗೇ ಸುರಿಸುವುದರಿಂದ ಆ ಎರಡು ತಿಂಗಳು ಮಾತ್ರ ಕಾರನ್ನು ಅದರಡಿಯಿಂದ ತೆಗೆದು ಎದುರುಮನೆಯ ಗೋಡೆಯ ನೆರಳಿಗೆ ನಿಲ್ಲಿಸುತ್ತೇವೆ, ಎದುರುಮನೆಯವರ ಆಕ್ಷೇಪವಿಲ್ಲ.